‘ಮಡಿಕೇರಿ’ ಏಳು ಪ್ರಶ್ನಾರ್ಥಕ ಚಿಹ್ನೆಗಳಾದಾಗ

ಹೋಮ್‌ಸ್ಟೇಯ ಬುಕಿಂಗ್ ಫಾರಂನಲ್ಲಿ ಅತಿಥಿಗಳು ‘ಮಡಿಕೇರಿ’ ಎಂದು ತುಂಬಿದ್ದು ಪಟ್ಟಿಯಲ್ಲಿ ಏಳು ಪ್ರಶ್ನಾರ್ಥಕ ಚಿಹ್ನೆಗಳಾಗಿ ಕಂಡರೆ, ಕೋಡ್ ತಿದ್ದುವ ಮೊದಲು ಡೇಟಾಬೇಸ್‌ನೊಳಗೆ ಏನು ಉಳಿದಿದೆ ಎಂಬುದನ್ನು ನೋಡಬೇಕು. ಮೈಎಸ್‌ಕ್ಯುಎಲ್ ಡೇಟಾಬೇಸ್‌ನಲ್ಲಿ ಉಳಿದ ಬೈಟ್‌ಗಳನ್ನು ಸಂಕೇತಗಳಾಗಿ ತೋರಿಸುವ ‘ಹೆಕ್ಸ್’ ಫಂಕ್ಷನ್ ಇದಕ್ಕೆ ಸಾಕು. ಸಾಲಾಗಿ ‘3ಎಫ್’ (ಪ್ರಶ್ನಾರ್ಥಕ ಚಿಹ್ನೆಯ ಸಂಕೇತ) ಬಂದರೆ ಮೂಲ ಅಕ್ಷರಗಳು ಅಳಿದಿವೆ. ಅತಿಥಿಗಳನ್ನೇ ಮತ್ತೆ ಕೇಳುವುದೊಂದೇ ದಾರಿ.

ಪ್ರಶ್ನಾರ್ಥಕ ಚಿಹ್ನೆಗಳ ಬದಲು, ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷ್ ‘ಎ’ ಮತ್ತೆ ಮತ್ತೆ ಕಾಣಿಸಿದರೆ ಗಾಬರಿ ಬೇಡ. ಕನ್ನಡದ ಪ್ರತಿಯೊಂದು ಯುನಿಕೋಡ್ ಸಂಕೇತವೂ ಯುನಿಕೋಡನ್ನು ಬೈಟ್‌ಗಳಾಗಿ ಬರೆದಿಡುವ ವಿಧಾನವಾದ ಯುಟಿಎಫ್-8ರಲ್ಲಿ 3 ಬೈಟ್ ಹಿಡಿಯುತ್ತದೆ, ಮೊದಲ ಬೈಟ್ ಎಲ್ಲಕ್ಕೂ ‘ಇ0’ ಆಗಿರುತ್ತದೆ. ಅದನ್ನು ಲ್ಯಾಟಿನ್-1 (ಅಕ್ಷರಕ್ಕೆ ಒಂದೇ ಬೈಟ್ ಬಳಸುವ ಹಳೆಯ ವಿಧಾನ) ಎಂದು ಓದಿದಾಗ ಹುಟ್ಟುವುದೇ ಈ ‘ಎ’. ‘ಹೆಕ್ಸ್’ನಲ್ಲಿ ‘ಮ’ ಅಕ್ಷರಕ್ಕೆ ‘ಇ0ಬಿ2ಎಇ’ ಎಂದೇ ಇದ್ದು ಕಾಲಂ ಮಾತ್ರ ಲ್ಯಾಟಿನ್-1 ಆಗಿದ್ದರೆ, ಕಾಲಂ ಅನ್ನು ಮೊದಲು ಬೈನರಿ ಮಾದರಿಗೆ, ಆಮೇಲೆ ಯುಟಿಎಫ್8ಎಂಬಿ4ಕ್ಕೆ (4 ಬೈಟ್‌ವರೆಗಿನ ಸಂಕೇತಗಳನ್ನೂ ಹಿಡಿಯುವ, ಮೈಎಸ್‌ಕ್ಯುಎಲ್‌ನ ಪೂರ್ಣ ಯುಟಿಎಫ್-8) ಬದಲಿಸಬೇಕು. ನೇರವಾಗಿ ಬದಲಿಸಿದರೆ ಪ್ರತಿ ಬೈಟೂ ಬೇರೆ ಅಕ್ಷರವೆಂದು ಎಣಿಕೆಯಾಗಿ ಕೆಟ್ಟದ್ದು ಇನ್ನಷ್ಟು ಕೆಡುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಯಾವ ಗಳಿಗೆಯಲ್ಲಿ ಹೋದೀತೆಂದು ಹೇಳಲಾಗದು, ಆದ್ದರಿಂದ ಬ್ಯಾಕಪ್ ತೆಗೆಯದೆ ಈ ಕೆಲಸಕ್ಕೆ ಕೈ ಹಾಕಬಾರದು.

ಪುಟದ ಹೆಡರ್ ಮತ್ತು ಟೇಬಲ್ ಎರಡರಲ್ಲೂ ಯುಟಿಎಫ್-8 ಎಂದು ಬರೆದವರು ಕೂಡ ನಡುವಿನ ಕನೆಕ್ಷನ್ ಅನ್ನು ಮರೆಯುತ್ತಾರೆ; ನನ್ನ ಅನುಭವದಲ್ಲಿ ಹೆಚ್ಚಿನ ತಪ್ಪು ಇರುವುದು ಅಲ್ಲೇ. ಪಿಎಚ್‌ಪಿಯಲ್ಲಿ ಕನೆಕ್ಷನ್ ತೆರೆದ ಕೂಡಲೇ ‘ಸೆಟ್ ಚಾರ್‌ಸೆಟ್’ ಮೂಲಕ ಯುಟಿಎಫ್8ಎಂಬಿ4 ಎಂದು ತಿಳಿಸಬೇಕು. ಮೈಎಸ್‌ಕ್ಯುಎಲ್‌ನ ಹಳೆಯ ‘ಯುಟಿಎಫ್8’ 3 ಬೈಟ್‌ಗೆ ನಿಲ್ಲುವುದರಿಂದ ಕನ್ನಡವನ್ನು ಹಿಡಿಯುತ್ತದೆ, ಎಮೋಜಿಯನ್ನು ಹಿಡಿಯದು.

ಸಾಲನ್ನು ಕತ್ತರಿಸುವಾಗಲೂ ಎಚ್ಚರ ಬೇಕು. ‘ಮಡಿಕೇರಿ’ ಎಂಬುದು 7 ಸಂಕೇತ, 21 ಬೈಟ್; ಸಾಮಾನ್ಯ ‘ಸಬ್‌ಸ್ಟರ್’ ಫಂಕ್ಷನ್ 10ನೇ ಬೈಟ್‌ಗೆ ಕತ್ತರಿಸಿದರೆ ‘ಕೇ’ ಅಕ್ಷರದ ‘ಕ’ವೇ ಅರೆಯಾಗಿ ಮುರಿಯುತ್ತದೆ. ‘ಎಂಬಿ’ ಪೂರ್ವಪದವುಳ್ಳ ಫಂಕ್ಷನ್ ಬೈಟ್ ಮುರಿಯದು, ಆದರೆ ಗುಣಿತಾಕ್ಷರದಿಂದ ಸ್ವರಚಿಹ್ನೆಯನ್ನು ಅದೂ ಬೇರ್ಪಡಿಸಬಲ್ಲದು.

ಹಳೆಯ ನುಡಿ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿಟ್ಟ ಕಾಫಿ, ಕರಿಮೆಣಸಿನ ಲೆಕ್ಕಗಳ ಕಥೆ ಬೇರೆ. ಅಲ್ಲಿ ಕಡತದೊಳಗೆ ಕನ್ನಡವೇ ಇಲ್ಲ. ರೋಮನ್ ಸಂಕೇತಗಳಿಗೆ ಫಾಂಟ್ ಕನ್ನಡದ ವೇಷ ತೊಡಿಸಿದೆ. ಆದ್ದರಿಂದ ಒಂದು ಸಂಕೇತ ವಿಧಾನದಿಂದ ಇನ್ನೊಂದಕ್ಕೆ ಬದಲಿಸುವ ‘ಐಕಾನ್ವ್’ನಿಂದ ಅದಕ್ಕೆ ಪ್ರಯೋಜನವಿಲ್ಲ. ನುಡಿಯಿಂದ ಯುನಿಕೋಡ್‌ಗೆಂದೇ ಮಾಡಿದ ಪರಿವರ್ತಕವನ್ನು ಬಳಸಬೇಕು. ಅರ್ಕಾವತ್ತು ಆ ಫಾಂಟ್‌ನಲ್ಲಿ ಅಕ್ಷರದ ಬಳಿಕ ಕೂರುತ್ತದೆ, ಯುನಿಕೋಡ್‌ನಲ್ಲಿ ಮೊದಲೇ ಬರುತ್ತದೆ. ಹಾಗಾಗಿ ಪರಿವರ್ತಿಸಿದ ಬಳಿಕ ‘ತೀರ್ಥೋದ್ಭವ’ ಎಂಬ ಪದವಿರುವ ಸಾಲನ್ನು ಹುಡುಕಿ, ಅಕ್ಷರ ಅಕ್ಷರವಾಗಿ ಓದಿ ನೋಡಿರಿ.