ಹೈಸ್ಕೂಲಿಗೆ ಸೇರುವವರು ಬಸ್ಸಿನ ಸಮಯ ಡೈರಿಯಲ್ಲಿ ಬರೆಸಿ

ಈ ಸಲ ಎಂಟನೇ ಕ್ಲಾಸಿಗೆ ಹೋಗುವ ಮಕ್ಕಳು ಮನೆಯಲ್ಲಿದ್ದರೆ, ಮೊದಲ ವಾರದಲ್ಲೇ ಶಾಲೆ ಡೈರಿಯಲ್ಲಿ ಬೆಳಿಗ್ಗೆ ಬರುವ ಬಸ್ಸು ಯಾವುದು, ಊರಿಂದ ಎಷ್ಟೊತ್ತಿಗೆ ಹೊರಡುತ್ತದೆ, ಸಂಜೆ ಕೊನೆಯ ಬಸ್ಸು ಎಷ್ಟು ಗಂಟೆಗೆ ಅಂತ ಬರೆದು ಕ್ಲಾಸ್ ಟೀಚರ್ ಸಹಿ ಹಾಕಿಸಿಕೊಳ್ಳಿ. ಬಾಲ್ ಪೆನ್ನಿನಲ್ಲೇ ಬರೆಯಿರಿ, ಜೆಲ್ ಪೆನ್ನಾದರೆ ನಮ್ಮ ಮಳೆಗೆ ಕಲಸಿಹೋಗುತ್ತದೆ. ಶಿರಸಿ, ಸಿದ್ದಾಪುರ ಕಡೆಯ ಹಳ್ಳಿ ಬಸ್ಸುಗಳು ಮಳೆಗಾಲದಲ್ಲಿ ತಡ ಆಗುವುದು ಎಲ್ಲರಿಗೂ ಗೊತ್ತು, ಆದರೆ ಯಾವ ಮಗು ಯಾವ ಊರಿಂದ ಬರುತ್ತದೆ ಅಂತ ಗೇಟಿನಲ್ಲಿ ನಿಲ್ಲುವ ಪಿ.ಟಿ. ಮಾಸ್ತರಿಗೆ ಗೊತ್ತಿರಬೇಕಲ್ಲ. ಬಸ್ಸು ತಡವಾದ ದಿನ ಈ ಪುಟ ತೋರಿಸಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಸಂಜೆ ಸ್ಪೆಷಲ್ ಕ್ಲಾಸ್ ಇದ್ದಾಗ ಬೇಗ ಬಿಡಿ ಅಂತ ಕೇಳುವುದಕ್ಕೂ ಮಕ್ಕಳಿಗೆ ಧೈರ್ಯ ಬರುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಹರಟೆ ಹೊಡೆದು ತಡ ಮಾಡಿದರೆ ಮಾತ್ರ ಇದು ನಡೆಯುವುದಿಲ್ಲ, ಬಸ್ಸು ಯಾವಾಗ ಬಂತು ಅಂತ ಮಾಸ್ತರು ಬೇರೆ ಮಕ್ಕಳನ್ನೇ ಕೇಳಿಬಿಡುತ್ತಾರೆ! ಪರೀಕ್ಷೆ ದಿನ ಸುಮ್ನೆ ಒಂದು ಬಸ್ಸು ಮುಂಚೆ ಹೊರಡಿ. ಪೂರ್ತಿ ದಿನ ತಪ್ಪಿಸಿದರೂ ಈ ಪುಟ ಉಪಯೋಗಕ್ಕೆ ಬರುವುದಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಲು ಶೇ. 75 ಹಾಜರಿ ಬೇಕು. ರಜೆ ಚೀಟಿ ಕೊಟ್ಟರೆ ಬೈಗುಳ ತಪ್ಪಬಹುದು, ಹಾಜರಿ ಸಿಗುವುದಿಲ್ಲ. ಜಿಲ್ಲಾಧಿಕಾರಿಗಳು ಮಳೆ ರಜೆ ಕೊಟ್ಟ ದಿನದ ಮಾತು ಬೇರೆ, ಅವತ್ತು ಶಾಲೆಯೇ ಇಲ್ಲ ಅಲ್ವಾ.