ದಂಗೆಯ ಮಹಾಕಥನವನ್ನು ಕಟ್ಟುವ ಬಗೆ

ಬಂಡಾಯವನ್ನು ಕುರಿತು ಕಲ್ಪನಾಲೋಕದ ದೊಡ್ಡ ಕಾದಂಬರಿ ಬರೆಯುವವರು ಅರಸನಿಗಿಂತ ಮೊದಲು ಅವನ ಕಂದಾಯವನ್ನು ಕಲ್ಪಿಸಿಕೊಳ್ಳಬೇಕು. ಜೋಳ ಯಾರ ಕಣದಿಂದ ಯಾರ ಹಗೇವಿಗೆ ಹೋಗುತ್ತದೆ, ಅದನ್ನು ಅಳೆಯುವವರು ಯಾರು, ಬರಗಾಲದಲ್ಲಿಯೂ ಅಳತೆ ಕಡಿಮೆಯಾಗದಿದ್ದರೆ ಮೊದಲು ಯಾರ ಮನೆಯ ಒಲೆ ಆರುತ್ತದೆ ಎಂಬುದು ಸ್ಪಷ್ಟವಾದರೆ ದಂಗೆಗೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಕೃಷ್ಣಾ ತುಂಗಭದ್ರೆಯರ ನಡುವಿನ ನಮ್ಮ ನೆಲವನ್ನೇ ನೋಡಿ. ಇದಕ್ಕಾಗಿ ವಿಜಯನಗರ ಮತ್ತು ಬಿಜಾಪುರಗಳು 1520ರಲ್ಲಿ ರಾಯಚೂರಿನಲ್ಲಿ ಕಾದಾಡಿದವು. ಆದರೆ ಕೋಟೆ ಕೈಬದಲಾದಾಗ ಹೊಲದವನ ಬದುಕು ಬದಲಾಯಿತೇ ಎಂಬ ಪ್ರಶ್ನೆಯೇ ಕಾದಂಬರಿಕಾರನದು. ಅದೇ ಕೋಟೆಯ 1294ರ ಶಾಸನದ ಬಳಿ, ಆ ಭಾರಿ ಕಲ್ಲನ್ನು ಬಂಡಿಯಲ್ಲಿ ಎಳೆದು ತಂದ ದೃಶ್ಯವನ್ನೂ ಕೆತ್ತಲಾಗಿದೆ. ನಿಮ್ಮ ಲೋಕದ ಮಾಂತ್ರಿಕ ಗೋಪುರಕ್ಕೂ ಕಲ್ಲು ಹೊತ್ತವರಿರಲಿ.

ನಾಯಕನನ್ನು ಕಾಡಿನಿಂದಲೇ ಕರೆತರಬೇಕೆಂದಿಲ್ಲ. 1858ರಲ್ಲಿ ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಮಡಿದ ಮುಂಡರಗಿ ಭೀಮರಾಯರು ಹಿಂದೆ ಕಂಪನಿ ಸರ್ಕಾರದ ಅಧಿಕಾರಿಯಾಗಿದ್ದವರು. ಆಡಳಿತವನ್ನು ಒಳಗಿನಿಂದ ಬಲ್ಲವನ ಬಂಡಾಯಕ್ಕೆ ಬೇರೆಯೇ ತೂಕವಿದೆ.

ಯುದ್ಧದ ವರ್ಣನೆ ಚಿಕ್ಕದಾಗಿದ್ದರೂ ನಡೆಯುತ್ತದೆ, ಗೆಲುವಿನ ನಂತರದ ಭಾಗ ದೊಡ್ಡದಿರಲಿ. 1948ರಲ್ಲಿ ರಾಯಚೂರು, ಕೊಪ್ಪಳಗಳು ನಿಜಾಮನ ಆಳ್ವಿಕೆಯಿಂದ ಹೊರಬಂದವು. ಹೊಳೆಯಾಚೆಯ ಬಳ್ಳಾರಿ 1953ರಲ್ಲಿ ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ ಸೇರಿತು. ಇಂಥ ಬದಲಾವಣೆಯ ಮರುದಿನ ಹಳೆಯ ಕರಣಿಕನೇ ಲೆಕ್ಕ ಬರೆಯುತ್ತಾನೆಯೇ, ಹಗೇವಿನ ಕಾವಲು ಯಾರದು, ದಂಗೆಕೋರರಲ್ಲಿ ಯಾರು ಜಹಗೀರು ಕೇಳುತ್ತಾರೆ ಎಂಬುದನ್ನು ಪಾತ್ರಗಳ ಜಗಳದ ಮೂಲಕವೇ ತೋರಿಸಿ.