ಮಾಟುಂಗದ ಎಲೆಯಲ್ಲಿ ತುಳುನಾಡಿನ ಪತ್ರೊಡೆ

ಮಳೆ ಹಿಡಿದ ಮೇಲೆ ಮುಂಬಯಿಯ ಮಾಟುಂಗ ಮಾರ್ಕೆಟ್ಟಿನಲ್ಲಿ ಮರಾಠಿಯಲ್ಲಿ ‘ಅಳೂ’ ಕೇಳಿ, ಕೆಸುವಿನ ಎಲೆ ಕೊಡುತ್ತಾರೆ. ಕಪ್ಪು ದಂಟಿನ ಎಳೆ ಎಲೆಯೇ ಇರಲಿ. ನಮ್ಮ ತುಳುನಾಡಿನ ಕಡೆ ಈ ಎಲೆಯ ಪತ್ರೊಡೆ ಆಟಿ (ತುಳುವರ ಮಳೆಗಾಲದ ತಿಂಗಳು) ತಿಂಗಳ ತಿಂಡಿ. ಜಡಿಮಳೆಗೆ ತರಕಾರಿ ಕಮ್ಮಿ, ಬೇಲಿ ಬದಿಯ ಎಲೆಯೇ ಆಧಾರ.

2 ಕಪ್ ಬೆಳ್ತಿಗೆ (ಬಿಳಿ) ಅಕ್ಕಿ 3 ಗಂಟೆ ನೆನೆಸಿ. ಒಣಮೆಣಸು, ಕೊತ್ತಂಬರಿ, ಅರಿಶಿನ, ಬೆಲ್ಲ, ಉಪ್ಪು, ನಿಂಬೆ ಗಾತ್ರದ ಹುಣಸೆಹುಳಿ ಸೇರಿಸಿ ಗಟ್ಟಿಯಾಗಿ ರುಬ್ಬಿ. ಹುಳಿಯಲ್ಲಿ ಜಿಪುಣತನ ಬೇಡ, ಗಂಟಲು ತುರಿಸುತ್ತದೆ! ಎಲೆಯ ದಪ್ಪ ನಾರು ಹೆರೆದು, ಹಿಂಬದಿಗೆ ಹಿಟ್ಟು ಸವರಿ, ಒಂದರ ಮೇಲೊಂದಿಟ್ಟು ಸುರುಳಿ ಸುತ್ತಿ. ಹಬೆಯಲ್ಲಿ 45 ನಿಮಿಷ ಬೇಯಲಿ.

ಪಕ್ಕದ ಮನೆಯ ವಹಿನಿ (ಮರಾಠಿಯಲ್ಲಿ ಅತ್ತಿಗೆ) ಕಡಲೆಹಿಟ್ಟಿನ ಅಳೂವಡಿ ಮಾಡುತ್ತಾರೆ. ಅದೂ ಚೆನ್ನ, ಆದರೆ ಅಕ್ಕಿಯ ರುಚಿಯೇ ಬೇರೆ ಅಲ್ವಾ? ತಣಿದ ಮೇಲೆ ಕತ್ತರಿಸಿ, ಕಾವಲಿಯಲ್ಲಿ ತೆಂಗಿನೆಣ್ಣೆ ಬಿಟ್ಟು ಕೆಂಪಗೆ ಕಾಯಿಸಿ.